ಕೌದಿ ಒತ್ತಿದ ತಾಟು

ಭಾಲ್ಕಿಯ ಹಳೆ ಊರಿನಲ್ಲಿ ಯಾರದಾದರೂ ಮಗಳ ಲಗ್ನ ಗೊತ್ತಾದರೆ, ಮನೆಯ ಹೆಂಗಸರು ಬಟ್ಟೆ ಅಂಗಡಿಗೆ ಹೋಗುವ ಮೊದಲು ಸರಸ್ವತಿಬಾಯಿಯ ಮನೆಗೆ ಒಮ್ಮೆ ಹೋಗಿ ಬರುತ್ತಾರೆ. ರುಖವತ ಇಡುವವರು ಅವರೇ. ಮಂಟಪದ ಒಂದು ಮೂಲೆಯಲ್ಲಿ ಮೇಜು ಹಾಕಿ, ಹುಡುಗಿ ತನ್ನ ಕೈಯಿಂದ ಮಾಡಿದ್ದನ್ನೆಲ್ಲ ಗಂಡಿನ ಕಡೆಯವರು ನೋಡಲಿ ಎಂದು ಹರಡುವುದು ಇಲ್ಲಿನ ರೂಢಿ. ಅಡಿಕೆಯಲ್ಲಿ ಮಾಡಿದ ಗಂಡು ಹೆಣ್ಣು, ಮುತ್ತು ಪೋಣಿಸಿದ ತೋರಣ, ಕೊಬ್ಬರಿ ಬಟ್ಟಲಿನ ಮೇಲೆ ಕೆತ್ತಿದ ನವಿಲು, ಗೋಪುರದ ಹಾಗೆ ಪೇರಿಸಿದ ಕರ್ಚಿಕಾಯಿ. ಲಗ್ನ ಮುಗಿದ ಮೇಲೆ ಅದೆಲ್ಲ ಹುಡುಗಿಯ ಜೊತೆ ಅತ್ತೆಮನೆಗೆ ಹೋಗುತ್ತದೆ.

ಹುಡುಗಿಯರು ಈಗ ಅಷ್ಟೊಂದು ಮಾಡುವುದಿಲ್ಲ. ಅದು ಎರಡೂ ಕಡೆಯವರಿಗೆ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಮೇಜಿನ ಮುಂದಿನ ಸಾಲು ಮನೆಯವರದು. ಹಿಂದಿನ ಸಾಲು ಸರಸ್ವತಿಬಾಯಿ ತಮ್ಮ ಟ್ರಂಕಿನಿಂದ ತಂದಿಟ್ಟದ್ದು. ಆ ಸಾಲಿನ ಒಂದೊಂದು ವಸ್ತುವಿನ ತಳಕ್ಕೂ ಕೆಂಪು ದಾರ ಕಟ್ಟಿರುತ್ತದೆ. ದಾರ ಇದ್ದದ್ದು ಎರವಲು, ಅದು ಭಾಲ್ಕಿಯಲ್ಲೇ ಉಳಿಯಬೇಕು ಎನ್ನುವುದು ಹುಡುಗಿಯ ಕಡೆಯವರಿಗೆ ಮಾತ್ರ ಗೊತ್ತಿರುವ ಗುಟ್ಟು. ಭಕ್ತಿ ಎಂಬ ಹುಡುಗಿಯ ಲಗ್ನದ ತನಕ ಆ ಗುಟ್ಟು ಒಮ್ಮೆಯೂ ಕೆಟ್ಟಿರಲಿಲ್ಲ.

ಸರಸ್ವತಿಬಾಯಿ ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವರು. ಹುಟ್ಟಿದ್ದು ಔರಾದ ತಾಲೂಕಿನ ಚಿಂತಾಕಿಯಲ್ಲಿ. ತಮ್ಮಂದಿರನ್ನು ಓದಿಸುತ್ತ ಓದಿಸುತ್ತ ಲಗ್ನದ ವಯಸ್ಸು ದಾಟಿತು. ಆಮೇಲೆ ಅದರ ಬಗ್ಗೆ ಅವರೂ ಮಾತಾಡಲಿಲ್ಲ, ಕೇಳುವವರೂ ಉಳಿಯಲಿಲ್ಲ. ಊರಿನ ಅರ್ಧ ಹೆಣ್ಣುಮಕ್ಕಳ ರುಖವತ ಅವರ ಕೈಯಿಂದ ಹೋಗಿದೆ. ಅವರದೇ ರುಖವತ ಎಂಬುದೊಂದು ಇರಲಿಲ್ಲ. ಇದ್ದದ್ದು ಒಂದು ತಾಟು.

ಅಗಲದಲ್ಲಿ ಜೋಳದ ರೊಟ್ಟಿಯಷ್ಟು. ಅಂಚು ಸ್ವಲ್ಪ ಮೇಲಕ್ಕೆ ಮಡಚಿದೆ. ಬಣ್ಣ ಹಸಿ ಕಡಲೆಯ ಸಿಪ್ಪೆಯ ಹಸಿರು, ತಗ್ಗಿನಲ್ಲಿ ಗಾಢ, ಉಬ್ಬಿನಲ್ಲಿ ತೆಳು. ದೂರದಿಂದ ನೋಡಿದವರು ಬಟ್ಟೆ ಮಡಚಿ ಇಟ್ಟಿದ್ದಾರೆ ಎಂದೇ ತಿಳಿಯುತ್ತಾರೆ. ಹತ್ತಿರ ಬಂದು ಬೆರಳಾಡಿಸಿದರೆ ಸುಟ್ಟ ಮಣ್ಣು. ಮಣ್ಣಿನ ಮೈ ತುಂಬ ಹೊಲಿಗೆ. ನೂಲಿನ ಎಳೆ ಸಿಗುತ್ತದೆ, ತೇಪೆಯ ಅಂಚು ಸಿಗುತ್ತದೆ. ಒಂದು ಕಡೆ ಹೊಲಿಗೆಯ ಸಾಲು ದಾರಿ ತಪ್ಪಿ ಸೊಟ್ಟಗಾಗಿ, ಮತ್ತೆ ತಡವರಿಸುತ್ತ ನೇರಕ್ಕೆ ಬರುತ್ತದೆ. ಅದು ಸರಸ್ವತಿಬಾಯಿಯ ಅವ್ವನ ಬಲಗಣ್ಣಿಗೆ ಪೊರೆ ಬಂದ ವರ್ಷದ ಹೊಲಿಗೆ.

ಆಗ ಸರಸ್ವತಿ ಬೀದರ ನಗರದಲ್ಲಿ ಮಣ್ಣಿನ ಕೆಲಸ ಕಲಿಯಲು ಹೋಗಿದ್ದ ಹುಡುಗಿ. ಆ ತರಬೇತಿ ಕೇಂದ್ರ ಈಗಿಲ್ಲ. ಕಲಿಸುತ್ತಿದ್ದ ಲಾಲ ಅಹ್ಮದ ಉಸ್ತಾದರೂ ಇಲ್ಲ. ಮಣ್ಣನ್ನು ರೊಟ್ಟಿಯ ಹಾಗೆ ಲಟ್ಟಿಸಬೇಕಾದರೆ ಕೆಳಗೆ ಬಟ್ಟೆ ಹಾಸಬೇಕು, ಇಲ್ಲವಾದರೆ ಹಲಗೆಗೆ ಹಿಡಿಯುತ್ತದೆ. ಒಂದು ದಿನ ಕೇಂದ್ರದ ಗೋಣಿಬಟ್ಟೆಗಳೆಲ್ಲ ಒದ್ದೆಯಾಗಿದ್ದವು. ಸರಸ್ವತಿ ತಾನು ಹೊದೆಯಲು ಊರಿಂದ ತಂದಿದ್ದ, ಅವ್ವ ಹಳೆ ಬಟ್ಟೆಗಳನ್ನು ತೇಪೆ ಹಾಕಿ ಹೊಲಿದಿದ್ದ ಕೌದಿಯನ್ನೇ ಹಾಸಿ ಲಟ್ಟಿಸಿದಳು. ಉಸ್ತಾದರು ಮೊದಲು ಬೈದರು. ಮಣ್ಣನ್ನು ಬಿಡಿಸಿ ಮಗುಚಿ ಹಾಕಿದಾಗ ಕೌದಿಯ ಹೊಲಿಗೆಯೆಲ್ಲ ಅದರ ಮೇಲೆ ಮೂಡಿತ್ತು.

"ಬೇಟಿ, ಇದರ ಮ್ಯಾಲ ಇನ್ನ ಕೈ ಹಚ್ಚಬ್ಯಾಡ. ಹಂಗೇ ಸುಡೋಣ."

ತಾಟು ನೆರಳಲ್ಲಿ ಒಣಗುತ್ತಿದ್ದಾಗ ಚಿಂತಾಕಿಯಿಂದ ಸುದ್ದಿ ಬಂತು. ಸರಸ್ವತಿ ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದಳು. ಅದನ್ನು ಅವ್ವನ ಕೆಳಗೆ ಹಾಸಿದರು. ಅದು ಅವ್ವನ ಜೊತೆಯೇ ಹೋಯಿತು. ಸತ್ತವರ ಹಾಸಿಗೆ ಇಟ್ಟುಕೊಳ್ಳುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. ಅವ್ವನ ಫೋಟೋ ಯಾರೂ ತೆಗೆದಿರಲಿಲ್ಲ. ದಿನಕರ್ಮ ಮುಗಿಸಿ ಬೀದರಕ್ಕೆ ಮರಳಿದಾಗ ತಾಟು ಭಟ್ಟಿಯಿಂದ ಹೊರಗೆ ಬಂದಿತ್ತು.

ಭಕ್ತಿ ಪಕ್ಕದ ಮನೆಯ ಸುಮನಳ ಮಗಳು. ಸರಸ್ವತಿಬಾಯಿಯ ಹೊಸ್ತಿಲಲ್ಲೇ ಆಡಿ ಬೆಳೆದವಳು. ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಔರಾದದ ಮಕರಂದನ ಜೊತೆ ಲಗ್ನ ಗೊತ್ತಾದಾಗ ಅವಳು ಕೇಳಿದ್ದು ಒಂದೇ.

"ಮಾವಶಿ, ನಿಮ್ಮ ತಾಟ ನನ್ನ ರುಖವತದಾಗ ಇಡ್ರಿ. ಒಂದ ದಿನಾ."

ಆ ತಾಟು ಯಾವ ರುಖವತಕ್ಕೂ ಹೋಗಿರಲಿಲ್ಲ. ಸರಸ್ವತಿಬಾಯಿ ತಾಟನ್ನು ಸೆರಗಿನಿಂದ ಒರೆಸಿ, ಕೊನೆಗೆ ಕೆಂಪು ದಾರ ತೆಗೆದುಕೊಂಡರು.

ಲಗ್ನದ ದಿನ ಗಂಡಿನ ಕಡೆಯ ಹೆಂಗಸರು ಮೇಜಿನ ಸುತ್ತ ನೆರೆದರು. ಮೇಲೆ ಮುಚ್ಚಿದ ಬಟ್ಟೆ ಸರಿಸುವ ಮುಂಚೆ ಮದುಮಗಳು ಗಂಡನ ಹೆಸರು ಕೂಡಿಸಿ ಎರಡು ಸಾಲಿನ ಒಡಪು ಹೇಳಬೇಕು. ಭಕ್ತಿ ಪಾಠ ಮಾಡಿದ್ದ ಒಡಪು ಹೇಳಿದಳು, ಬಟ್ಟೆ ಸರಿಸಿದರು, ನಕ್ಕರು, ತಿಂದರು. ಆಗ ಮಕರಂದನ ಕಾಕು, ಅವನ ದೊಡ್ಡಪ್ಪನ ಹೆಂಡತಿ, ಕುತ್ತಿಗೆ ಉದ್ದ ಮಾಡಿ ಹಿಂದಿನ ಸಾಲು ನೋಡಿದಳು.

"ಯಾಕವಾ ಮದುಮಗಳೇ, ಎಲ್ಲಾ ಮನೀದೋ, ಇಲ್ಲಾ ಮಂಟಪದ ಕುರ್ಚಿ ಜೋಡಿ ಬಾಡಿಗಿಗೆ ಬಂದದ್ದೋ?"

ದೊಡ್ಡ ನಗೆ ಎದ್ದಿತು. ಭಕ್ತಿಯ ಅತ್ತೆ ಗಯಾಬಾಯಿಯೂ ನಕ್ಕರು. ಭಕ್ತಿಯ ಕಿವಿ ಕೆಂಪಾದವು. ಅವಳು ಕೈ ಚಾಚಿ ಆ ತಾಟನ್ನು ಎತ್ತಿಕೊಂಡಳು. ನಿಂತ ನಿಲುವಿನಲ್ಲೇ ಕಟ್ಟಿ ಹೇಳಿದಳು:

"ಮಣ್ಣಿನ ತಾಟಿನ್ಯಾಗ ಮೂಡ್ಯಾವ ನೋಡ್ರಿ ಕೌದಿ ಹೊಲಿಗಿ ಸಾಲು,
ನನ್ನ ಕೈಲೇ ಮಾಡೀನಿ, ಮಕರಂದರಾಯರ ಮನಿಗೆ ಇದು ನನ್ನ ಪಾಲು."

ಚಪ್ಪಾಳೆ ಬಿದ್ದವು. ಕಾಕುವಿನ ಬಾಯಿ ಮುಚ್ಚಿತು. ಗಯಾಬಾಯಿ ತಾವೇ ಮುಂದೆ ಬಂದು ಎರಡೂ ಕೈಯಲ್ಲಿ ತಾಟು ತೆಗೆದುಕೊಂಡರು, ತಳದ ದಾರ ನೋಡಿದರು. "ಇದೇನು?"

"ದೃಷ್ಟಿ ಆಗಬಾರದಂತ ಕಟ್ಟೀನ್ರಿ ಅತ್ಯಾ."

ಮೇಜಿನ ಹಿಂದೆ ನಿಂತಿದ್ದ ಸರಸ್ವತಿಬಾಯಿಯ ಕೈ ಅಲ್ಲೇ ಗಾಳಿಯಲ್ಲಿ ಉಳಿಯಿತು. ಗಂಡನ ಹೆಸರು ಹಿಡಿದು ನಾಲ್ಕು ಜನರ ಮುಂದೆ ಹೇಳಿದ ಒಡಪು ಆಣೆಯಿದ್ದ ಹಾಗೆ. ಈಗ "ಅದು ನನ್ನದು" ಎಂದರೆ ಮದುಮಗಳು ಅರಿಷಿಣ ಆರುವ ಮೊದಲೇ ಸುಳ್ಳಿಯಾಗುತ್ತಾಳೆ. ಅವರು ಚಾಚಿದ ಕೈ ಹಿಂದೆಳೆದುಕೊಂಡರು. ಗಾಡಿಗೆ ಸಾಮಾನು ತುಂಬುವಾಗಲೂ ತಡೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಭಕ್ತಿ ತವರಿಗೆ ಬರುವಾಗ ಹೇಗಾದರೂ ತಂದುಕೊಡುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡರು. ಭಕ್ತಿ ಬಂದು ಹೋದಳು. ತಾಟು ಬರಲಿಲ್ಲ. "ಅತ್ಯಾ ಕಣ್ಣ ಮುಂದ ಇಟ್ಟುಕೊಂಡಾರ ಮಾವಶಿ" ಎಂದಳು, ತಲೆ ಎತ್ತದೆ.

ಫೋನು ಬಂದ ದಿನ ಸರಸ್ವತಿಬಾಯಿ ಬೀದರದಲ್ಲಿದ್ದರು. ಇನ್ನೊಂದು ಲಗ್ನಕ್ಕೆ ಮುತ್ತು, ಜರಿ ಬೇಕಾಗಿತ್ತು. ಚೌಬಾರಾ ಗೋಪುರದ ಹತ್ತಿರ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಆರಿಸುತ್ತಿದ್ದರು.

"ಮಾವಶಿ," ಭಕ್ತಿಯ ದನಿ ಬಚ್ಚಲಿನೊಳಗಿಂದ ಬಂದ ಹಾಗಿತ್ತು, ಹಿಂದೆ ನಳದ ಸದ್ದು. "ಗೌಂಡಿ ಬಂದಾನ. ನಮ್ಮ ಹೊಸಾ ಖೋಲಿ ಬಾಗಲ ಮ್ಯಾಲ ಗ್ವಾಡಿ ಕೊರದಾನ. ಅತ್ಯಾ ತಾಟ ಅದರಾಗ ಸಿಮೆಂಟ ಹಾಕಿ ಕುಂಡ್ರಸ್ತಾರಂತ."

"ಯಾವತ್ತ?"

"ಇವತ್ತ. ಈಗ. ಊಟ ಆದ ಕೂಡಲೇ ಮಾಲ ಕಲಸ್ತಾನ."

ಸರಸ್ವತಿಬಾಯಿಯ ಮಡಿಲಿನಿಂದ ಮುತ್ತುಗಳು ಕಟ್ಟೆಯ ಮೇಲೆ ಉರುಳಿದವು. ಒಮ್ಮೆ ಗೋಡೆಯಲ್ಲಿ ಕೂತರೆ ಆ ತಾಟನ್ನು ಒಡೆಯದೆ ಯಾರೂ ತೆಗೆಯಲಾರರು.

"ನೀ ಏನರೆ ಹೇಳಿ ತಡಿ, ಭಕ್ತಿ."

"ಏನ ಹೇಳಲಿ ಮಾವಶಿ? ಅವರು ನನ್ನ ಮ್ಯಾಲಿನ ಪ್ರೀತೀಲೆ ಮಾಡಲತ್ತಾರ. 'ನಮ್ಮ ಸೊಸಿ ಕೈಕೆಲಸ ಬಂದವರೆಲ್ಲಾ ನೋಡಲಿ' ಅಂತ." ಹುಡುಗಿ ಅಳುತ್ತಿದ್ದಳು. "ನೀವು ಬರ್ರಿ. ಆದರ ಹೇಳಬ್ಯಾಡ್ರಿ. ನಿಮ್ಮ ಪಾದ ಹಿಡೀತೇನಿ, ಹೇಳಬ್ಯಾಡ್ರಿ."

ಬನ್ನಿ, ಆದರೆ ಹೇಳಬೇಡಿ. ಔರಾದದ ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕುಳಿತ ಸರಸ್ವತಿಬಾಯಿ ಆ ಎರಡು ಮಾತಿನ ನಡುವೆ ದಾರಿ ಹುಡುಕುತ್ತಿದ್ದರು. ಕೌಠಾ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಕೆಳಗೆ ಮಾಂಜ್ರಾ ನಿಂತ ನೀರಿನ ಹಾಗೆ ಹರಿಯುತ್ತಿತ್ತು. ಡ್ರೈವರ್ ಇಳಿದು ಬೀಡಿ ಹಚ್ಚಿದ.

"ಏನ್ರಿ, ಬಸ್ ಬಿಡಂಗಿಲ್ಲೇನು?"

"ಟ್ರ್ಯಾಕ್ಟರ್ ಮ್ಯಾಲ ಹಾರಸ್ಲೇನ್ರಿ ಬಾಯೀರ?"

ಊಟಕ್ಕೆ ಕೂತಿರುತ್ತಾನೆ ಗೌಂಡಿ. ಈಗ ಕೈ ತೊಳೆಯುತ್ತಾನೆ. ಈಗ ಮರಳು ಹರಡುತ್ತಾನೆ. ಸರಸ್ವತಿಬಾಯಿ ಕಣ್ಣು ಮುಚ್ಚಿದರು. ಸಂತಪುರ ದಾಟುವ ಹೊತ್ತಿಗೆ ಒಂದು ಮಾತು ಹೊಳೆಯಿತು. ತಾಟಿನಲ್ಲಿ ಬಿರುಕಿದೆ ಎನ್ನಬೇಕು. ಸಿಮೆಂಟು ಹೀರಿದರೆ ಒಡೆಯುತ್ತದೆ, ನಾನು ಒಯ್ದು ಸರಿ ಮಾಡಿಸಿ ತರುತ್ತೇನೆ ಎನ್ನಬೇಕು. ಆ ಸುಳ್ಳನ್ನು ಔರಾದದ ತನಕ ಬಾಯೊಳಗೇ ಹೇಳಿ ಹೇಳಿ ರೂಢಿ ಮಾಡಿಕೊಂಡರು.

ಅಂಗಳದಲ್ಲಿ ಸಿಮೆಂಟಿನ ಬೂದು ಗುಡ್ಡೆ ಕಂಡಿತು, ನಡುವೆ ನೀರು ಹೊಯ್ದಿದ್ದರು. ಹೊಸ ಕೋಣೆಯ ಬಾಗಿಲಿನ ಮೇಲೆ ಗೋಡೆಯಲ್ಲಿ ದುಂಡನೆಯ ತೂತು, ಕಣ್ಣು ಕಿತ್ತ ಹಾಗೆ. ಗೌಂಡಿ ಕುತುಬೋದ್ದೀನ ಸಲಿಕೆಯಿಂದ ಮಾಲು ಕಲಸುತ್ತಿದ್ದ. ತಾಟು ಗಯಾಬಾಯಿಯ ಮಡಿಲಲ್ಲಿತ್ತು. ಅವರು ಅದನ್ನು ಹಸಿ ಅರಿವೆಯಿಂದ ಒರೆಸುತ್ತಿದ್ದರು, ಕೂಸಿನ ಮೈ ಒರೆಸುವ ಹಾಗೆ.

"ಅಯ್ಯ, ಟೀಚರಬಾಯಿ! ಬರ್ರಿ ಬರ್ರಿ. ಛಲೋ ಹೊತ್ತಿಗೆ ಬಂದ್ರಿ. ಭಕ್ತೀ, ನೀರ ತಾ."

ಭಕ್ತಿ ತಂಬಿಗೆ ತಂದಳು.

"ನನ್ನ ತವರಮನ್ಯಾಗ ಬಾಗಲ ಮ್ಯಾಲ ಪಿಂಗಾಣಿ ಬಸಿ ಕುಂಡ್ರಸಿದ್ರು, ನಮ್ಮ ಅಜ್ಜಿ ಕಾಲದಾಗ," ಎಂದರು ಗಯಾಬಾಯಿ. "ಅದು ಪ್ಯಾಟ್ಯಾಗಿಂದು. ಇದು ನಮ್ಮ ಸೊಸಿ ಕೈಯಾಂದು. ನಮ್ಮ ನೆಗೆಣ್ಣಿ, ಅವತ್ತ ಬಾಡಿಗಿ ಅಂದಾಕಿ, ದಿನಾ ಈ ಬಾಗಲ ಮುಂದ ಹಾದು ಹೋಗಬೇಕು, ದಿನಾ ನೋಡಬೇಕು."

ಸರಸ್ವತಿಬಾಯಿ ಕುಳಿತರು. "ಗಯಾಬಾಯಿ, ಆ ತಾಟಿಗೆ ಒಂದ ಬಿರುಕು ಅದರಿ. ಅವತ್ತೇ ನೋಡಿದ್ದೆ. ಸಿಮೆಂಟ ಎಳದ್ರ ಸೀಳ್ತದ. ನಾ ಒಯ್ದು ಸರಿ ಮಾಡಿಸಿ..."

ಗಯಾಬಾಯಿ ತಾಟನ್ನು ಅಂಗೈ ಮೇಲೆ ಎತ್ತಿ ಬೆರಳಿನ ಗೆಣ್ಣಿನಿಂದ ಬಡಿದರು. ಸ್ವಚ್ಛ ನಾದ ಅಂಗಳದ ತುಂಬ ಹರಡಿತು. ಇನ್ನೊಮ್ಮೆ ಬಡಿದರು.

"ಬಿರುಕು ಇದ್ದ ಕೊಡ ಹಿಂಗ ಮಾತಾಡ್ತದೇನ್ರಿ? ಸಂತ್ಯಾಗ ಗಡಗಿ ಬಡದು ಬಡದೇ ನನ್ನ ಕೂದಲಾ ಬೆಳ್ಳಗಾಗ್ಯಾವ. ಕುತುಬಭಾಯಿ, ತಗೋ."

ಕುತುಬೋದ್ದೀನ ತಾಟನ್ನು ಮಗುಚಿ ಹಿಂಭಾಗ ಸವರಿದ. "ಹಿಂದ ನುಣ್ಣಗ ಅದ ಅಮ್ಮಾ. ಮಾಲು ಹಿಡಿಯಂಗಿಲ್ಲ. ಉಳೀಲೆ ನಾಕ ಕಚ್ಚು ಹಾಕಬೇಕು." ಅವನು ತಾಟನ್ನು ಗೋಣಿಚೀಲದ ಮೇಲೆ ಬೋರಲು ಇಟ್ಟ. ಉಳಿ ಇಟ್ಟ. ಸುತ್ತಿಗೆ ಎತ್ತಿದ.

"ಬ್ಯಾಡ!"

ಆ ದನಿ ಸರಸ್ವತಿಬಾಯಿಯದೇ ಎಂದು ಅವರಿಗೇ ತಡವಾಗಿ ತಿಳಿಯಿತು. ಆಗಲೇ ಅವರು ಮಣ್ಣಿನಲ್ಲಿ ಮೊಣಕಾಲೂರಿ ತಾಟಿನ ಮೇಲೆ ಎರಡೂ ಅಂಗೈ ಇಟ್ಟಿದ್ದರು. ಉಳಿಯ ತುದಿ ಅವರ ಬೆರಳಿಗೆ ತಾಗಿ ನಿಂತಿತ್ತು. ಕುತುಬೋದ್ದೀನ ಬೆಚ್ಚಿ ಸುತ್ತಿಗೆ ಕೆಳಗಿಳಿಸಿದ. "ಯಾ ಅಲ್ಲಾ, ಕೈ ಹೋಗ್ತಿತ್ತಲ್ರಿ ಅಮ್ಮಾ!"

ಗಯಾಬಾಯಿ ಎದ್ದು ನಿಂತರು. ನಗು ಇರಲಿಲ್ಲ. "ಏನಿದು ಟೀಚರಬಾಯಿ? ನಮ್ಮ ಮನೀ ಸಾಮಾನಿನ ಮ್ಯಾಲ ನೀವ್ಯಾಕ ಬೀಳ್ತೀರಿ?"

ಸರಸ್ವತಿಬಾಯಿ ಭಕ್ತಿಯ ಮುಖ ನೋಡಿದರು. ಹುಡುಗಿಯ ತುಟಿ ಬಿಳುಪೇರಿತ್ತು. ಅರ್ಧ ಸತ್ಯ ಹೇಳಿದರೆ ಇಬ್ಬರೂ ಉಳಿದೇವು ಎನಿಸಿತು.

"ತಾಟು ಭಕ್ತೀದೇ ಅದರಿ. ಆದರ ಅದರ ಮ್ಯಾಲ ಒತ್ತಿದ್ದು ನನ್ನ ಅವ್ವನ ಕೌದಿ. ನಮ್ಮ ಅವ್ವನ ಕೈ ಹೊಲಿಗಿ ಅದು. ಉಳಿ ಹೊಡೀತಾರಂದಾಗ ತಡಕೊಳ್ಳಾಕ ಆಗಲಿಲ್ಲ."

ಗಯಾಬಾಯಿಯ ಹುಬ್ಬು ಸಡಿಲಾಯಿತು. "ಇಷ್ಟೇ ಏನು? ಕೌದಿ ತರಸ್ರಿ ಹಂಗಾದ್ರ. ಇನ್ನೊಂದು ಒತ್ತಿಕೊಳ್ರಿ ನಿಮಗ."

"ಕೌದಿ ಇಲ್ಲರಿ. ಅವ್ವನ ಜೋಡೀನೇ ಹೋತು."

"ಪಾಪ. ಯಾವಾಗ ತೀರಿದ್ರು?"

ಸರಸ್ವತಿಬಾಯಿ ತಾಟನ್ನು ಮಗುಚಿ ಹೊಲಿಗೆಯ ಮೈ ಮೇಲೆ ಮಾಡಿದ್ದರು. ಬೆರಳು ಸೊಟ್ಟ ಸಾಲನ್ನು ಹುಡುಕಿಕೊಂಡು ಹೋಗಿತ್ತು. ಯೋಚಿಸದೆ ಹೇಳಿಬಿಟ್ಟರು:

"ಬಾಳ ದಿನಾ ಆತ್ರಿ. ಆಗಿನ್ನ ಸುಮನಂದೇ ಲಗ್ನ ಆಗಿದ್ದಿಲ್ಲ."

ಸುಮನ ಭಕ್ತಿಯ ಅವ್ವ. ಕೌದಿ ಹೋದಾಗ ಭಕ್ತಿ ಇನ್ನೂ ಹುಟ್ಟೇ ಇರಲಿಲ್ಲ.

ಕುತುಬೋದ್ದೀನನ ಕಣ್ಣು ಭಕ್ತಿಯ ಕಡೆಗೆ ಹೋಗಿ, ಅಲ್ಲಿಂದ ಸರಕ್ಕನೆ ಸಿಮೆಂಟಿನ ಗುಡ್ಡೆಗೆ ಬಂತು. ಗಯಾಬಾಯಿ ತಾಟನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಕುತುಬಭಾಯಿ, ಹೋಗಿ ಚಾ ಕುಡದು ಬಾ."

"ಮಾಲು ಬಿಗೀತದ ಅಮ್ಮಾ..."

"ಬಿಗೀಲಿ."

ಅವನು ಹೋದ. ಗಯಾಬಾಯಿ ಸೊಸೆಯ ಎದುರು ಬಂದು ನಿಂತರು. ಬೈಯಲಿಲ್ಲ.

"ನನ್ನ ಮಗನ ಹೆಸರು ಹಿಡದು ಸುಳ್ಳ ಹೇಳ್ದಿ."

"ಹೌದ್ರಿ ಅತ್ಯಾ."

"ಯಾಕ?"

"ಕಾಕು ಬಾಡಿಗೀದೇನ ಅಂದ್ರು. ಎಲ್ಲಾರೂ ನಕ್ರು." ಭಕ್ತಿ ಅತ್ತೆಯ ಮುಖ ನೋಡಿದಳು. "ನೀವೂ ನಕ್ರಿ."

ಗೋಡೆಯ ಆಚೆಯಿಂದ ಅದೇ ಹೊತ್ತಿಗೆ ಕಾಕುವಿನ ದನಿ ತೂರಿ ಬಂತು. "ಗಯಾ, ಏ ಗಯಾ! ಕುಂತಿತೇನ ನಿನ್ನ ಸೊಸಿ ತಾಟು? ನೋಡಾಕ ಬರಲೇನ?"

ಭಕ್ತಿ ಕಣ್ಣು ಮುಚ್ಚಿದಳು. ಗಯಾಬಾಯಿಯ ಒಂದು ಮಾತು ಸಾಕಿತ್ತು. ಆ ಗೋಡೆ ದಾಟಿದ ಮಾತು ಸಂಜೆಯೊಳಗೆ ಔರಾದ ತುಂಬುತ್ತಿತ್ತು, ನಾಳೆಗೆ ಭಾಲ್ಕಿ.

ಗಯಾಬಾಯಿ ಸೊಸೆಯ ಮುಖದಿಂದ ಕಣ್ಣು ತೆಗೆಯದೆಯೇ ದನಿ ಎತ್ತರಿಸಿದರು. "ಗ್ವಾಡಿ ಇನ್ನಾ ಹಸಿ ಅದ ಅಕ್ಕಾ! ಇವತ್ತ ಆಗಂಗಿಲ್ಲ!"

"ಮತ್ತ ಗೌಂಡೀನ ಯಾಕ ಕರಸೀದಿ, ಚಾ ಕುಡಸಾಕ?"

"ಹೂಂ, ನಿನಗೂ ಬೇಕಾದ್ರ ಬಾ, ಒಂದ ಕಪ್ಪ ಉಳದದ!"

ಆಚೆ ಕಡೆ ಏನೋ ಗೊಣಗಾಟ, ಆಮೇಲೆ ಬಾಗಿಲು ಮುಚ್ಚಿದ ಸದ್ದು. ಗಯಾಬಾಯಿ ಬಾಗಿ ಗೋಣಿಚೀಲದ ಮೇಲಿಂದ ತಾಟನ್ನು ಎತ್ತಿಕೊಂಡರು. ಮುಖದ ಹತ್ತಿರ ಹಿಡಿದು ನೋಡಿದರು, ಮೊದಲ ಸಲ ನೋಡುವ ಹಾಗೆ. ಅವರ ಬೆರಳೂ ಆ ಸೊಟ್ಟ ಸಾಲಿನ ಹತ್ತಿರ ನಿಂತಿತು.

"ಇಲ್ಲಿ ಏನಾಗಿತ್ತು ಅವರಿಗೆ?"

"ಕಣ್ಣು ಮಂಜಾಗಿತ್ತರಿ."

ಗಯಾಬಾಯಿ ಹೊಸ ಕೋಣೆಯ ಬಾಗಿಲಿಗೆ ಹೋದರು. ತಾಟನ್ನು ಸರಸ್ವತಿಬಾಯಿಯ ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ರುಖವತದಾಗ ಬಂದದ್ದು ನನ್ನ ಕೈಲೆ ಹೊರಗ ಕೊಡಂಗಿಲ್ಲ, ಬಾಯಿ. ಅದು ನಮ್ಮಲ್ಲಿ ನಡಿಯಂಗಿಲ್ಲ. ಅಲ್ಲಿಂದ ನೀವೇ ತಗೋರಿ."

ಸರಸ್ವತಿಬಾಯಿ ಹೊಸ್ತಿಲ ಮುಂದೆ ಕುಳಿತರು. ತಕ್ಷಣ ಎತ್ತಲಾಗಲಿಲ್ಲ. ಮೊದಲು ಭಕ್ತಿಯ ಕಡೆ ತಿರುಗಿದರು. ಹುಡುಗಿ ತಲೆ ಅಲ್ಲಾಡಿಸಿದಳು, ತಗೊಳ್ಳಿ ಎನ್ನುವ ಹಾಗೆ. ಆಗ ಅವರು ತಾಟನ್ನು ಸೆರಗಿನೊಳಗೆ ತೆಗೆದುಕೊಂಡರು. ಅದು ಗಯಾಬಾಯಿಯ ಹಸಿ ಅರಿವೆಯಿಂದ ಇನ್ನೂ ತಂಪಾಗಿತ್ತು.

"ಈಕಿ ಒಡಪು ನೂರ ಮಂದಿ ಕೇಳ್ಯಾರ," ಎಂದರು ಗಯಾಬಾಯಿ. ದನಿ ಈಗ ಗಡುಸಾಗಿತ್ತು. "ಅದು ಸುಳ್ಳಾಗಿ ಉಳೀಬಾರದು. ನೀವು ಕಲಿಸ್ರಿ. ಈಕಿ ತನ್ನ ಕೈಲೆ ಒಂದು ಮಾಡಬೇಕು. ಸೊಟ್ಟ ಆಗಲಿ, ಕರ್ರಗಾಗಲಿ, ಈಕೀದೇ ಆಗಬೇಕು."

"ನಾ ಮಣ್ಣ ಮುಟ್ಟಿ ಒಂದ ಜಮಾನಾ ಆತ್ರಿ. ಭಟ್ಟಿ ಎಲ್ಲಿಂದ ತರಲಿ?"

"ಅದು ನನಗ ಗೊತ್ತಿಲ್ಲ. ಕಟ್ಟಿಗಿ ಒಲ್ಯಾಗ ಸುಡ್ರಿ, ಇಟ್ಟಂಗಿ ಭಟ್ಟ್ಯಾಗ ಸುಡ್ರಿ."

ಸರಸ್ವತಿಬಾಯಿ ಭಕ್ತಿಯ ಕೈ ನೋಡಿದರು. ಮೆಹಂದಿ ಉಗುರಿನ ತುದಿಗೆ ಇಳಿದಿತ್ತು. "ಮುಂಜಾನೆ ಹಿಟ್ಟು ನಾದತಿಯೇನು?"

"ನಾದತೇನ್ರಿ ಮಾವಶಿ."

"ಹಂಗಾದ್ರ ಮಣ್ಣೂ ನಾದತಿ."

ಕುತುಬೋದ್ದೀನ ಬಾಯಿ ಒರೆಸಿಕೊಳ್ಳುತ್ತ ಮರಳಿ ಬಂದ. ಬಿಗಿಯುತ್ತಿದ್ದ ಮಾಲನ್ನು ಕರಣಿಯಿಂದ ಕೆದಕಿ ನೋಡಿದ, ಮೇಲೆ ಬಾಗಿಲ ನೆತ್ತಿಯ ತೂತು ನೋಡಿದ. ತಾಟು ಯಾರ ಸೆರಗಿನಲ್ಲಿದೆ ಎಂಬುದನ್ನು ನೋಡಿಯೂ ನೋಡದವನ ಹಾಗೆ ಇದ್ದ.

"ಇದನ್ನ ಮುಚ್ಚಿ ಬಿಡ್ಲೇನು ಅಮ್ಮಾ?"

"ಮುಚ್ಚಬ್ಯಾಡ. ಸೊಸಿ ತಾಟ ಬರೂತನಕ ಹಂಗೇ ಬಿಡು."

"ಮಳಿಗಾಲ ಬಂದ್ರ ನೀರ ಇಳೀತದ. ಖೋಲಿ ಒಳಗ ಬರ್ತದ."

ಗಯಾಬಾಯಿ ಸಲಿಕೆಯನ್ನು ಗೋಡೆಗೆ ಆನಿಸಿ ಇಟ್ಟು ಒಳಗೆ ಹೊರಟರು.

"ನನಗ್ಯಾಕ ಹೇಳ್ತಿ? ಖೋಲಿ ಆಕೀದು. ಆಕಿಗೇ ಹೇಳು."